ವಿದ್ಯಾರಣ್ಯರನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ

ವಿದ್ಯಾರಣ್ಯಪುರದಲ್ಲಿ ಯಾರನ್ನಾದರೂ ನಿಲ್ಲಿಸಿ, ಈ ಬಡಾವಣೆಗೆ ಯಾರ ಹೆಸರಿಟ್ಟಿದ್ದಾರೆ ಅಂತ ಕೇಳಿ ನೋಡಿ. ಬಿಇಎಲ್ ಲೇಔಟಿನ ನಿವೃತ್ತ ನೌಕರರಾಗಲಿ, ತಿಂಡ್ಲು ಕಡೆಯಿಂದ ತರಕಾರಿ ಕೊಂಡು ಬರುತ್ತಿರುವವರಾಗಲಿ, ಹೇಳುವುದು ಒಂದೇ ಮಾತು: ಹಕ್ಕಬುಕ್ಕರ ಕೈಯಲ್ಲಿ ವಿಜಯನಗರ ಕಟ್ಟಿಸಿದ ಗುರುಗಳು. ವರ್ಷ ಕೇಳಿದರೆ 1336 ಎನ್ನುವವರೂ ಸಿಗುತ್ತಾರೆ. ಶಾಲೆಯಲ್ಲಿ ಓದಿದ್ದು, ಮೊಲ ನಾಯಿಗಳ ಮೇಲೆ ತಿರುಗಿಬಿದ್ದ ಕತೆಯ ಜೊತೆ ಸೇರಿಕೊಂಡಿರುವುದರಿಂದ ಮರೆತುಹೋಗುವಂಥದ್ದಲ್ಲ.

ಈಗ ಇನ್ನೊಂದು ಪ್ರಶ್ನೆ. ಇದು ನಮಗೆ ಗೊತ್ತಾದದ್ದು ಹೇಗೆ? ಯಾರು ಬರೆದಿಟ್ಟರು, ಯಾವಾಗ ಬರೆದರು, ಬರೆದವರು ಕಣ್ಣಾರೆ ಕಂಡಿದ್ದರೋ ಇನ್ನೂರು ವರ್ಷ ಆದಮೇಲೆ ಕೇಳಿ ಬರೆದರೋ, ಒಪ್ಪದೆ ಇದ್ದವರು ಯಾರಾದರೂ ಇದ್ದಾರೋ? ಇಲ್ಲಿಗೆ ಬಸ್ ಸ್ಟಾಪಿನ ಮಾತು ಮುಗಿಯಿತು. ಮುಂದಿನ ದಾರಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕಡೆಗೆ. ಅಲ್ಲಿ ಮಾಡುವ ಕೆಲಸಕ್ಕೆ ಸಂಶೋಧನೆ ಎಂಬ ದೊಡ್ಡ ಹೆಸರಿದ್ದರೂ ಹತ್ತಿರದಿಂದ ನೋಡಿದರೆ ಅದೊಂದು ಕೈಕಸುಬು. ಒಂದು ಹೇಳಿಕೆಯನ್ನು ಹಿಡಿದು ಅದರ ಆಧಾರಕ್ಕೆ, ಆ ಆಧಾರದಿಂದ ಅದರ ಆಧಾರಕ್ಕೆ, ಇನ್ನು ಕೆಳಗೆ ಏನೂ ಇಲ್ಲ ಎನ್ನುವವರೆಗೆ ಇಳಿಯುತ್ತ ಹೋಗುವುದು. ಬಡಗಿಯ ಕೆಲಸದ ಹಾಗೆ ಇದನ್ನೂ ಬಲ್ಲವರ ಪಕ್ಕದಲ್ಲಿ ಕೂತೇ ಕಲಿಯಬೇಕು, ಎಂ.ಎ. ಪಾಠಪಟ್ಟಿಯಲ್ಲಿ ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆ ಇರುತ್ತದಾದರೂ ಕೈ ಪಳಗುವುದು ಅಲ್ಲಲ್ಲ.

ಉತ್ತರ ಬೆಂಗಳೂರಿನವರಿಗೆ ಶುರುವಿನಲ್ಲೇ ಒಂದು ಸಂಕಟ. ಈ ಕಡೆ ಗ್ರಂಥಾಲಯಗಳಿಗೆ ಬರವಿಲ್ಲ, ಬಹುಪಾಲು ಮಾತ್ರ ವಿಜ್ಞಾನದವು. ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯದ್ದು, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಕೇಂದ್ರದ್ದು, ಯಶವಂತಪುರದ ಪಕ್ಕದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನದು. ಅದೇ ಆವರಣದಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಮಾನವಿಕಕ್ಕೂ ಒಂದು ಜಾಗ ಉಂಟು. ‘ಬೆಂಗಳೂರು ಉತ್ತರ ವಿಶ್ವವಿದ್ಯಾಲಯ’ ಎಂಬ ಹೆಸರು ಕೇಳಿ ನಮ್ಮದೇ ಇರಬೇಕು ಅಂದುಕೊಂಡು ಹೊರಟವರು ಕೋಲಾರದ ಟಮಕದಲ್ಲಿ ಇಳಿಯಬೇಕಾಗುತ್ತದೆ! ಹಾಗಾಗಿ ವಿದ್ಯಾರಣ್ಯಪುರದ ಇತಿಹಾಸದ ವಿದ್ಯಾರ್ಥಿ ಮೆಜೆಸ್ಟಿಕ್ ಬಸ್ ಹಿಡಿಯಲೇಬೇಕು. ಅಲ್ಲಿಂದ ಒಂದು ಕಡೆ ಸೆಂಟ್ರಲ್ ಕಾಲೇಜು, ಇನ್ನೊಂದು ಕಡೆ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ನೃಪತುಂಗ ರಸ್ತೆಯಲ್ಲಿ 1909ರ ಮಿಥಿಕ್ ಸೊಸೈಟಿ, ಚಾಮರಾಜಪೇಟೆಯಲ್ಲಿ 1915ರ ಕನ್ನಡ ಸಾಹಿತ್ಯ ಪರಿಷತ್ತು. ಕೊನೆಯ ಇವೆರಡೂ ವಿಶ್ವವಿದ್ಯಾಲಯಗಳಲ್ಲದಿದ್ದರೂ ಮಾನವಿಕದವರ ನಕ್ಷೆಯಲ್ಲಿ ಇವನ್ನು ಬಿಡುವಂತಿಲ್ಲ.

ಒಳಗೆ ಹೋಗುವ ವ್ಯವಹಾರ ಸುಲಭದ್ದೇ. ಬೇರೆ ಸಂಸ್ಥೆಯವರಾದರೆ ಮಾರ್ಗದರ್ಶಕರಿಂದಲೋ ಪ್ರಾಂಶುಪಾಲರಿಂದಲೋ ಒಂದು ಪತ್ರ, ಗುರುತಿನ ಚೀಟಿ. ಬ್ಯಾಗು ಕೌಂಟರಿನಲ್ಲಿ, ಸಹಿ ರಿಜಿಸ್ಟರಿನಲ್ಲಿ. ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದಷ್ಟೇ ಬರೆಸಿಕೊಂಡು ಹೋಗುವವರೇ ಹೆಚ್ಚು. ‘ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಮತ್ತು ಹಳೆಯ ಶಾಸನ ಸಂಪುಟಗಳನ್ನು ನೋಡಲು’ ಎಂದು ಬರೆಸಿದ್ದರೆ ಓದಿದ ಲೈಬ್ರೆರಿಯನ್ ನಿಮ್ಮನ್ನು ಯಾರ ಬಳಿ ಕಳಿಸಬೇಕು ಅನ್ನುವುದನ್ನು ಅಲ್ಲೇ ತೀರ್ಮಾನಿಸಿಬಿಡುತ್ತಾರೆ.

ಕಸುಬು ಶುರುವಾಗುವುದು ಕ್ಯಾಟಲಾಗಿನ ಮುಂದೆ. ಹಳೆಯ ಕಾಲದ ಕಾರ್ಡುಗಳ ಡ್ರಾಯರ್ ಇರಲಿ, ಈಗಿನ ಕಂಪ್ಯೂಟರ್ ಇರಲಿ, ಅದು ಕೊಡುವುದು ನೀವು ಕೇಳಿದ್ದನ್ನು ಮಾತ್ರ, ನೀವು ಕೇಳಿದ ಕಾಗುಣಿತದಲ್ಲಿ ಮಾತ್ರ. ಕನ್ನಡ ಪುಸ್ತಕಗಳ ವಿಷಯದಲ್ಲಿ ಇದೊಂದು ದೊಡ್ಡ ಪರೀಕ್ಷೆ. ಕುವೆಂಪು ಕೆಲವು ಕಡೆ ಕುವೆಂಪು, ಕೆಲವು ಕಡೆ ಪುಟ್ಟಪ್ಪ ಕೆ.ವಿ. ಬಿ.ಎಂ.ಶ್ರೀ. ಅವರನ್ನು ಶ್ರೀಕಂಠಯ್ಯ ಎಂದೂ ಹುಡುಕಬೇಕು. ಒಂದು ದಾಖಲೆ ಕನ್ನಡ ಲಿಪಿಯಲ್ಲಿದ್ದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ರೋಮನ್ ಅಕ್ಷರದಲ್ಲಿ, ಯಾರಿಗೆ ಹೇಗೆ ತೋಚಿತೋ ಹಾಗೆ ನಮೂದಾಗಿರುತ್ತದೆ.

ವಿದ್ಯಾರಣ್ಯರ ಪಾಡು ಇನ್ನೂ ಕಷ್ಟದ್ದು. ‘ಪಂಚದಶಿ’ ವಿದ್ಯಾರಣ್ಯರ ಹೆಸರಿನಲ್ಲಿ ಸಿಗುತ್ತದೆ. ‘ಸರ್ವದರ್ಶನಸಂಗ್ರಹ’ ಬೇಕಾದರೆ ಮಾಧವಾಚಾರ್ಯ ಎಂದು ಹುಡುಕಬೇಕು. ರೋಮನ್‌ನಲ್ಲಿ ಒಂದಕ್ಷರ ತಪ್ಪಿದರೆ ದ್ವೈತದ ಮಧ್ವಾಚಾರ್ಯರ ಪುಸ್ತಕಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ವೇದಭಾಷ್ಯಕಾರ ಸಾಯಣರ ಅಣ್ಣ ಮಾಧವರೇ ವಿದ್ಯಾರಣ್ಯರೋ, ಬೇರೆಯವರೋ ಎಂಬುದು ಹಳೆಯ ಚರ್ಚೆ. ಅದೇ ಕಾಲದಲ್ಲಿ ಮಾಧವಮಂತ್ರಿ ಎಂಬ ಇನ್ನೊಬ್ಬ ಅಧಿಕಾರಿಯೂ ಇದ್ದುದರಿಂದ ಗೋಜಲು ಹೆಚ್ಚಿತು. ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು 1916ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಮಾಧವಾಚಾರ್ಯ ಮತ್ತು ಅವರ ತಮ್ಮಂದಿರ ಬಗ್ಗೆ ಬರೆದದ್ದು ಈ ಗೋಜಲು ಬಿಡಿಸುವುದಕ್ಕೇ. ಅಂದರೆ ಕ್ಯಾಟಲಾಗಿನಲ್ಲಿ ಯಾವ ಹೆಸರು ಟೈಪ್ ಮಾಡಬೇಕು ಅನ್ನುವುದೇ ಇಲ್ಲಿ ಸಂಶೋಧನೆಯ ಪ್ರಶ್ನೆ. ಬಲ್ಲವರು ಹುಡುಕುವ ಮೊದಲೇ ಒಂದು ಹಾಳೆಯಲ್ಲಿ ಎಲ್ಲ ಹೆಸರು, ಎಲ್ಲ ಕಾಗುಣಿತ ಬರೆದುಕೊಂಡು ಒಂದೊಂದಾಗಿ ಗೀಟು ಹಾಕುತ್ತ ಬರುತ್ತಾರೆ. ಊರಿನ ಹೆಸರಿಗೂ ಇದೇ ನಿಯಮ. ವಿದ್ಯಾರಣ್ಯಪುರ ಎಂದು ಹುಡುಕಿದರೆ ಶೃಂಗೇರಿ ತಾಲ್ಲೂಕಿನ ವಿದ್ಯಾರಣ್ಯಪುರವೂ ಮೈಸೂರಿನ ವಿದ್ಯಾರಣ್ಯಪುರಂ ಕೂಡ ಬರುತ್ತವೆ. ನಮ್ಮ ಬಡಾವಣೆ ಬಹುಶಃ ಬರುವುದೇ ಇಲ್ಲ. ಇಲ್ಲಿನ ಚರಿತ್ರೆ ಬೇಕಾದವರು ತಿಂಡ್ಲು, ದೊಡ್ಡಬೆಟ್ಟಹಳ್ಳಿ, ನರಸೀಪುರ, ಕೊಡಿಗೇಹಳ್ಳಿ, ಯಲಹಂಕ ಎಂದು ಹಳೆಯ ಊರುಗಳ ಹೆಸರಿನಲ್ಲಿ ಹೋಗಬೇಕು.

ಪುಸ್ತಕದ ಬೆನ್ನಿನ ಮೇಲಿನ ಚೀಟಿಯ ಸಂಖ್ಯೆಯನ್ನು ಹೊಸಬರು ಬರೀ ವಿಳಾಸ ಅಂದುಕೊಳ್ಳುತ್ತಾರೆ. ಡ್ಯೂಯಿ ಪದ್ಧತಿ ಇರುವ ಕಡೆ ಅದ್ವೈತ ವೇದಾಂತ 181.482ರಲ್ಲಿ, ಹಿಂದೂ ಧರ್ಮ 294.5ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ. ವಿದ್ಯಾರಣ್ಯರು ಈ ಎಲ್ಲ ಕಡೆ ಹಂಚಿಹೋಗಿದ್ದಾರೆ. ದಾರ್ಶನಿಕರಾಗಿ ಒಂದು ಕಪಾಟು, ಮಠಾಧಿಪತಿಯಾಗಿ ಇನ್ನೊಂದು, ರಾಜಗುರುವಾಗಿ ಮತ್ತೊಂದು, ಕಾದಂಬರಿಯ ಪಾತ್ರವಾಗಿ ಮಗದೊಂದು. ‘ಸಂಗೀತಸಾರ’ ಎಂಬ ಕೃತಿಯೂ ಅವರದೆಂಬ ಪ್ರತೀತಿ ಇರುವುದರಿಂದ 780ರ ಸಂಗೀತ ವಿಭಾಗಕ್ಕೂ ಒಮ್ಮೆ ಇಣುಕಬೇಕು. ಇತಿಹಾಸದ ವಿದ್ಯಾರ್ಥಿ ಇತಿಹಾಸದ ಸಾಲಿನಲ್ಲೇ ಸುತ್ತುತ್ತಿದ್ದರೆ ಅವನಿಗೆ ಕಾಲು ಭಾಗದ ವಿದ್ಯಾರಣ್ಯರಷ್ಟೇ ಸಿಗುತ್ತಾರೆ. ಹಾಗೆಯೇ, ಬೇಕಾದ ಪುಸ್ತಕ ಕೈಗೆ ಬಂದ ಮೇಲೆ ಅದರ ಎಡಬಲದ ಒಂದು ಮೊಳ ಜಾಗವನ್ನು ನೋಡದೆ ಹೊರಡಬಾರದು. ಅಲ್ಲಿರುವವು ಅದೇ ವಿಷಯದ ಪುಸ್ತಕಗಳು, ಯಾವ ಹುಡುಕಾಟಕ್ಕೂ ಸಿಗದ ಹೆಸರಿನವು.

ಈ ವರ್ಗೀಕರಣದ ಶಾಸ್ತ್ರದಲ್ಲಿ ಬೆಂಗಳೂರಿಗೆ ಸಲ್ಲಬೇಕಾದ ಒಂದು ಗೌರವ ಇದೆ. ಡ್ಯೂಯಿಗೆ ಬದಲಾಗಿ 1933ರಲ್ಲಿ ತಮ್ಮದೇ ಕೋಲನ್ ಪದ್ಧತಿಯನ್ನು ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಯೇ. 1962ರಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದೂ ಇಲ್ಲಿಯೇ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಹಳೆಯ ಗ್ರಂಥಪಾಲಕರು ಅದನ್ನು ಈಗಲೂ ಪಾಲಿಸುತ್ತಾರೆ. ಓದುಗರು ಅವರೊಂದಿಗೆ ಕೈಜೋಡಿಸಬೇಕಷ್ಟೆ: ‘ವಿಜಯನಗರದ ಬಗ್ಗೆ ಏನಿದೆ ಸಾರ್’ ಎಂದು ಕೇಳಿದರೆ ಅವರು ತಾನೇ ಏನು ಮಾಡಿಯಾರು?

ಇನ್ನು ಆಧಾರದ ಜಾಡಿಗೆ ಬರೋಣ. ವಿದ್ಯಾರಣ್ಯರ ಬಗ್ಗೆ ಬರೆದ ಯಾವುದೇ ಒಳ್ಳೆಯ ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ಎ.ಕ. 6, ಶೃಂಗೇರಿ 1’ ಎಂದು ಕಾಣುತ್ತದೆ. ಎ.ಕ. ಅಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’. ಬಿ.ಎಲ್. ರೈಸ್ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ತಂದರು. ಜಿಲ್ಲೆಗೆ ಒಂದೋ ಎರಡೋ ಸಂಪುಟ, ಒಳಗೆ ತಾಲ್ಲೂಕುವಾರು ಸಂಖ್ಯೆ. ಆರನೆಯದು 1901ರಲ್ಲಿ ಬಂದ ಕಡೂರು ಜಿಲ್ಲೆಯ ಸಂಪುಟ. ಇವತ್ತಿನ ಚಿಕ್ಕಮಗಳೂರು ಜಿಲ್ಲೆ ಆಗ ಆ ಹೆಸರಿನಲ್ಲಿತ್ತು. ಅದರಲ್ಲಿ ಶೃಂಗೇರಿ ಜಹಗೀರಿನ ಮೊದಲ ಶಾಸನ ಎಂಬುದು ಆ ಅಡಿಟಿಪ್ಪಣಿಯ ಅರ್ಥ. ಇಷ್ಟು ತಿಳಿದು ಹುಡುಗಿಯೊಬ್ಬಳು ರೆಫರೆನ್ಸ್ ಸೆಕ್ಷನ್ನಿಗೆ ಹೋದರೆ ನಡೆಯುವ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ಸಾರ್, ಎಪಿಗ್ರಾಫಿಯಾ ಆರನೇ ವಾಲ್ಯೂಮು ಬೇಕಿತ್ತು.’

‘ಹಳೇದೋ ಹೊಸದೋ ಮೇಡಂ?’

‘ಯಾವುದಾದ್ರೂ ಪರವಾಗಿಲ್ಲ ಸಾರ್.’

‘ಹಂಗಂದ್ರೆ ಹೆಂಗೆ? ಯಾವ ಊರಿಂದು ಹೇಳಿ.’

ಅಟೆಂಡರ್ ಕೇಳಿದ್ದೇ ಸರಿಯಾದ ಪ್ರಶ್ನೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಈ ಸಂಪುಟಗಳ ಪರಿಷ್ಕೃತ ಆವೃತ್ತಿ ತರುತ್ತ ಬಂತು. ಪಾಠ ತಿದ್ದಿದರು, ಹೊಸದಾಗಿ ಸಿಕ್ಕ ಶಾಸನ ಸೇರಿಸಿದರು, ಸಂಪುಟಗಳನ್ನು ಹೊಸದಾಗಿ ವಿಂಗಡಿಸಿದರು. ಕೊಡಗು ಒಂದು, ಶ್ರವಣಬೆಳಗೊಳ ಎರಡು ಎಂಬಲ್ಲಿಯವರೆಗೆ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆ ಇದೆ. ಆಮೇಲೆ ದಾರಿ ಬೇರೆ. ಹೊಸ ಆರನೆಯ ಸಂಪುಟ ತೆರೆದರೆ ಶೃಂಗೇರಿ ಸಿಗುವುದಿಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಸಿಗುತ್ತವೆ. ಹಳೆಯ ಒಂಬತ್ತು ನಮ್ಮ ಬೆಂಗಳೂರು ಜಿಲ್ಲೆ, ಹೊಸ ಒಂಬತ್ತು ಬೇಲೂರು. ಆವೃತ್ತಿ ಯಾವುದೆಂದು ಬರೆಯದ ಅಡಿಟಿಪ್ಪಣಿ ಓದುಗರನ್ನು ಬೇರೆ ಜಿಲ್ಲೆಗೇ ಕಳಿಸಿಬಿಡುತ್ತದೆ. ಮುದ್ರಿತ ಪ್ರಬಂಧಗಳಲ್ಲೂ ಈ ತಪ್ಪು ಕಾಣಸಿಗುತ್ತದೆ. ಬರೆದವರು ಸಂಪುಟ ತೆರೆದಿಲ್ಲ, ಇನ್ನೊಬ್ಬರ ಅಡಿಟಿಪ್ಪಣಿಯನ್ನು ಎತ್ತಿಕೊಂಡಿದ್ದಾರೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಳೆಯ ಆರನೆಯ ಸಂಪುಟವನ್ನು ಮೇಜಿನ ಮೇಲೆ ಇಟ್ಟುಕೊಂಡಾಗ ನೇರವಾಗಿ ಶಾಸನದ ಪುಟಕ್ಕೆ ಹೋಗಬಾರದು. ರೈಸ್ ಪ್ರತಿ ಸಂಪುಟಕ್ಕೂ ದೀರ್ಘ ಪೀಠಿಕೆ ಬರೆದಿದ್ದಾನೆ, ರಾಜವಂಶಗಳ ಕ್ರಮದಲ್ಲಿ. ಕಾಲಾನುಕ್ರಮದ ಪಟ್ಟಿ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಒಮ್ಮೆ ಬೆರಳಾಡಿಸಿದರೆ ಯಾವ ದಶಕದಲ್ಲಿ ಶಾಸನಗಳು ಒತ್ತಾಗಿವೆ, ಎಲ್ಲಿ ಖಾಲಿ ಬಿಟ್ಟಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ರೋಮನ್ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಮೂರನ್ನೂ ಒಟ್ಟಿಗೆ ಬಿಚ್ಚಿಟ್ಟುಕೊಂಡು ಓದಬೇಕು. ಅನುವಾದದಲ್ಲಿ ಸರಾಗವಾಗಿ ಸಾಗುವ ವಾಕ್ಯ ಮೂಲದಲ್ಲಿ ಅಕ್ಷರ ಸವೆದು ಅರ್ಧಕ್ಕೇ ನಿಂತಿರುವುದುಂಟು.

ಶೃಂಗೇರಿಯ ಆ ಶಾಸನ 1346ರದು. ಹರಿಹರನೂ ಅವನ ತಮ್ಮಂದಿರೂ ಕೂಡಿ ಶೃಂಗೇರಿಯಲ್ಲಿ ಭೂಮಿ ದಾನ ಕೊಟ್ಟ ಸಂಗತಿ ಅದರಲ್ಲಿದೆ. ದಾನ ಪಡೆದವರು ಭಾರತೀತೀರ್ಥರು ಮತ್ತು ಅವರ ಶಿಷ್ಯರು. ರಾಜ್ಯ ಕಟ್ಟಿಕೊಟ್ಟ ಗುರುವಿನ ಹೆಸರು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಅದು ಕಾಣುವುದಿಲ್ಲ. ಶೃಂಗೇರಿಯ ದಾಖಲೆಗಳಲ್ಲಿ ವಿದ್ಯಾರಣ್ಯರು ಎದ್ದು ಕಾಣುವುದು 1370ರ ದಶಕದ ನಡುವಿನಿಂದ. ಅವರು ತೀರಿಕೊಂಡದ್ದು 1386ರಲ್ಲಿ. ಹಾಗಾದರೆ 1336 ಎಲ್ಲಿಂದ ಬಂತು? ಅದಕ್ಕೆ ಹಳೆಯ ಹತ್ತನೆಯ ಸಂಪುಟಕ್ಕೆ, ಕೋಲಾರ ಜಿಲ್ಲೆಗೆ ಹೋಗಬೇಕು. ಬಾಗೇಪಲ್ಲಿ ತಾಲ್ಲೂಕಿನ ತಾಮ್ರಪಟವೊಂದು ಆ ತೇದಿ ಹೊತ್ತಿದೆ, ವಿದ್ಯಾರಣ್ಯರನ್ನೂ ಹರಿಹರನನ್ನೂ ಒಟ್ಟಿಗೆ ಹೆಸರಿಸುತ್ತದೆ. ನೆಲ್ಲೂರು ಕಡೆಯ ಕಾಪಲೂರು ತಾಮ್ರಪಟ ಇದರ ಜೋಡಿ. ಎರಡನ್ನೂ ಕೂಟಶಾಸನ, ಅಂದರೆ ನಂತರದ ಕಾಲದಲ್ಲಿ ಹಿಂದಿನ ತೇದಿ ಹಾಕಿ ಬರೆಸಿದ್ದು ಎಂದು ಅನೇಕ ವಿದ್ವಾಂಸರು ಬಗೆದಿದ್ದಾರೆ.

ಹೀಗೆ ಬಗೆಯಲು ಏನು ಆಧಾರ ಎಂಬುದನ್ನೂ ಗ್ರಂಥಾಲಯದಲ್ಲೇ ಕಲಿಯಬಹುದು. ಲಿಪಿಯ ರೂಪ, ಬಿರುದುಗಳ ಒಕ್ಕಣೆ, ಬೇರೆ ನಂಬಲರ್ಹ ಶಾಸನಗಳೊಂದಿಗೆ ಹೊಂದಿಕೆ ಎಲ್ಲವನ್ನೂ ತೂಗಿ ನೋಡುತ್ತಾರೆ. ತೇದಿಯ ಪರೀಕ್ಷೆ ಒಂದು ಇದೆ, ಅದನ್ನು ನಾವೂ ಮಾಡಬಹುದು. ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಶಕ 1258 ಅಂದರೆ 1336. ಶಾಸನ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರವನ್ನೂ ಕೊಟ್ಟಿದ್ದರೆ ಎಲ್ಲವೂ ಒಂದೇ ದಿನಕ್ಕೆ ಕೂಡಬೇಕು. ಇದಕ್ಕೆಂದೇ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ 1922ರಲ್ಲಿ ‘ಆನ್ ಇಂಡಿಯನ್ ಎಫೆಮೆರಿಸ್’ ಎಂಬ ದಪ್ಪ ಸಂಪುಟಗಳನ್ನು ಪ್ರಕಟಿಸಿದರು. ಕ್ರಿ.ಶ. 700ರಿಂದ 1799ರವರೆಗೆ ದಿನ ದಿನದ ಕೋಷ್ಟಕ. ಪುಟದ ತುಂಬ ಅಂಕಿಗಳು, ಓದುವುದಕ್ಕೆ ಒಂದು ವಾಕ್ಯವಿಲ್ಲ. ಮೊದಲ ಪುಟಗಳ ವಿವರಣೆಯನ್ನು ತಾಳ್ಮೆಯಿಂದ ಓದಿಕೊಂಡು, ಗೊತ್ತಿರುವ ಒಂದು ತೇದಿಯನ್ನು ಹಿಡಿದು ಲೆಕ್ಕ ಕೂಡಿಸಿದರೆ ಕೋಷ್ಟಕ ಬಾಯಿ ಬಿಡುತ್ತದೆ. ವಾರ ಕೂಡಿಬಂದಾಗ ಆಗುವ ಸಂತೋಷ ಅನುಭವಿಸಿದವರಿಗೇ ಗೊತ್ತು. ಕೂಡಿಬಂದ ಮಾತ್ರಕ್ಕೆ ಶಾಸನ ಅಸಲಿ ಎನ್ನುವಂತಿಲ್ಲ ಎಂಬುದೂ ನೆನಪಿರಬೇಕು. ಕೂಟಶಾಸನ ಬರೆಸಿದವರ ಹತ್ತಿರವೂ ಜೋಯಿಸರಿದ್ದರು.

ಇಷ್ಟು ಹಿಂದಕ್ಕೆ ಹೋಗುವ ದಾರಿ. ಮುಂದಕ್ಕೆ ಬರುವ ದಾರಿಯೂ ಅಷ್ಟೇ ಮುಖ್ಯ, ಹೊಸಬರು ಸಾಮಾನ್ಯವಾಗಿ ಮರೆಯುವುದು ಅದನ್ನೇ. ಒಂದು ಪುಸ್ತಕ ಬಂದ ಮೇಲೆ ಯಾರು ಅದನ್ನು ಒಪ್ಪಿದರು, ಯಾರು ಜಗಳಕ್ಕೆ ನಿಂತರು ಎಂದು ನೋಡುತ್ತ ಬರುವುದು. ರಾಬರ್ಟ್ ಸಿವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಬರೆದು, ಅದರ ಜೊತೆಗೆ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರಹಗಳ ಅನುವಾದವನ್ನೂ ಕೊಟ್ಟ. ನೂನಿಜ್ ಬರೆದದ್ದು 1535ರ ಸುಮಾರಿಗೆ. ಮೊಲದ ಕತೆ, ಋಷಿಯ ಮಾತು ಅವನಲ್ಲಿ ಆಗಲೇ ಇವೆ. ಋಷಿಯ ಹೆಸರನ್ನೂ ಊರಿನ ಹೆಸರನ್ನೂ ಅವನು ಬರೆದಿರುವುದು ‘ವಿದ್ಯಾಜುನ’ ಎಂದು. ಸ್ಕ್ಯಾನ್ ಪ್ರತಿಯಲ್ಲಿ ‘ವಿದ್ಯಾರಣ್ಯ’ ಎಂದು ಟೈಪ್ ಮಾಡಿ ಹುಡುಕುವವರಿಗೆ ಆ ಪುಟ ಸಿಗುವುದಿಲ್ಲ. ಪುಟ ತಿರುವಿ ಓದಿದವರಿಗೆ ಸಿಗುತ್ತದೆ.

1929ರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಪಾದ್ರಿ ಹೆನ್ರಿ ಹೆರಾಸ್ ‘ಬಿಗಿನಿಂಗ್ಸ್ ಆಫ್ ವಿಜಯನಗರ ಹಿಸ್ಟರಿ’ ಬರೆದು ಗಲಭೆ ಎಬ್ಬಿಸಿದರು. ಊರನ್ನು ಕಟ್ಟಿಸಿದವನು ಹೊಯ್ಸಳ ಮೂರನೆಯ ಬಲ್ಲಾಳ, ವಿದ್ಯಾರಣ್ಯರ ಪ್ರಸಂಗ 16ನೆಯ ಶತಮಾನದಲ್ಲಿ ಶೃಂಗೇರಿಯಲ್ಲಿ ಹುಟ್ಟಿದ್ದು ಎಂಬುದು ಅವರ ವಾದ. 1933ರಲ್ಲಿ ಎನ್. ವೆಂಕಟರಮಣಯ್ಯ ಮೂಲದ ಬಗ್ಗೆ ಬೇರೆಯೇ ಪುಸ್ತಕ ಬರೆದರು. ಮರುವರ್ಷ ಬಿ.ಎ. ಸಾಲೆತೂರರ ದೊಡ್ಡ ಗ್ರಂಥ ಬಂತು. ಸಂಗಮ ಸೋದರರು, ಅಂದರೆ ಹಕ್ಕಬುಕ್ಕರು, ಕನ್ನಡಿಗರೋ ತೆಲುಗರೋ ಎಂಬ ಜಗಳ ಇದರೊಳಗೆ ಸೇರಿಕೊಂಡು ಹೊಗೆ ಹೆಚ್ಚಾಯಿತು. ಇಷ್ಟೆಲ್ಲ ನಡೆಯುತ್ತಿರುವಾಗಲೇ 1936ರಲ್ಲಿ ಆರುನೂರು ವರ್ಷದ ಉತ್ಸವ ನಡೆದು ಧಾರವಾಡದಿಂದ ಸ್ಮರಣ ಸಂಪುಟವೂ ಹೊರಬಂತು. ವಿದ್ವಾಂಸರು ತೇದಿಯ ಬಗ್ಗೆ ಕಚ್ಚಾಡುತ್ತಿದ್ದರೂ ಉತ್ಸವಕ್ಕೆ ಒಂದು ತೇದಿ ಬೇಕಲ್ಲ! 1985ರಲ್ಲಿ ಹರ್ಮನ್ ಕುಲ್ಕೆ, ಡಲ್ಲಪಿಕೋಲ ಸಂಪಾದಿಸಿದ ಸಂಪುಟದಲ್ಲಿ, ರಾಜರು, ಮಠ ಮತ್ತು ಇತಿಹಾಸಕಾರರ ಸಂಬಂಧವನ್ನು ಮತ್ತೆ ಎತ್ತಿಕೊಂಡರು. 2000ದಲ್ಲಿ ಫಿಲಿಪ್ ವ್ಯಾಗನರ್ ಪ್ರಶ್ನೆಯನ್ನೇ ತಿರುಗಿಸಿದರು: ಕತೆ ನಿಜವೋ ಸುಳ್ಳೋ ಅನ್ನುವುದಕ್ಕಿಂತ, ಆ ಕಾಲದವರಿಗೆ ಈ ಕತೆ ಯಾಕೆ ಬೇಕಾಗಿತ್ತು ಎಂದು.

ಈ ಜಗಳದ ಬಿಸಿ ಸಿಗುವುದು ಪುಸ್ತಕಗಳಿಗಿಂತ ಪತ್ರಿಕೆಗಳಲ್ಲಿ. ಹಾಗಾಗಿ ಬೌಂಡ್ ವಾಲ್ಯೂಮುಗಳ ಸಾಲೇ ನನ್ನ ಮಟ್ಟಿಗೆ ಗ್ರಂಥಾಲಯದ ತಿರುಳು. ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಪರಿಷತ್ತಿನ ಪತ್ರಿಕೆ, 1919ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಶುರುಮಾಡಿದ ‘ಪ್ರಬುದ್ಧ ಕರ್ಣಾಟಕ’, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು. ದಪ್ಪ ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ ಮಾಸಿರುತ್ತದೆ, ತೆರೆದರೆ ಅಂಚು ಪುಡಿಯಾಗಿ ಮಡಿಲಿಗೆ ಉದುರುತ್ತದೆ. ಬೇಕಾದ ಲೇಖನವನ್ನಷ್ಟೇ ಓದಿ ಮುಚ್ಚುವುದು ಅನ್ಯಾಯ. ಹಿಂದಿನ ಸಂಚಿಕೆಯ ಪುಸ್ತಕ ವಿಮರ್ಶೆ, ಮುಂದಿನ ಸಂಚಿಕೆಯ ಪತ್ರ, ಕೊನೆಯಲ್ಲಿನ ತಿದ್ದುಪಡಿ ನೋಡಬೇಕು. ಲೇಖಕರು ತಮ್ಮ ಮಾತನ್ನು ತಾವೇ ಹಿಂತೆಗೆದುಕೊಂಡ ಅರ್ಧ ಪುಟ ಇಂಥ ಕಡೆಯೇ ಅಡಗಿರುತ್ತದೆ.

ಮುದ್ರಿತ ಸಂಪುಟಗಳಿಂದ ಹೊಸತೇನು ಸಿಕ್ಕೀತು, ಎಲ್ಲ ಓದಿಯಾಗಿದೆಯಲ್ಲ ಎನ್ನುವವರಿಗೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ತೋರಿಸಬೇಕು. 1966ರ ಪ್ರಕಟಣೆ, ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಅದರ ಆಕರ. ಅವನ್ನು ಅದುವರೆಗೆ ರಾಜರ ವಂಶಾವಳಿಗಾಗಿ ಓದುತ್ತಿದ್ದರು. ಅದೇ ಸಾಲುಗಳಲ್ಲಿ ಅವರು ವೀರಗಲ್ಲು, ಸಹಗಮನ, ಆತ್ಮಬಲಿ, ಶಿಕ್ಷಣ, ಊರಿನ ಬದುಕು ಹುಡುಕಿದರು. ಕಪಾಟಿನಲ್ಲಿದ್ದದ್ದು ಅವೇ ಪುಸ್ತಕಗಳು, ಕೇಳಿದ ಪ್ರಶ್ನೆ ಬೇರೆ.

ಅಚ್ಚಾದದ್ದೇ ಕೊನೆ ಎಂದೂ ತಿಳಿಯಬಾರದು. ವಿದ್ಯಾರಣ್ಯಪುರಕ್ಕೆ ಹತ್ತಿರದ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಎಲ್ಲಕ್ಕಿಂತ ಹಳೆಯದು. 1905ರ ಒಂಬತ್ತನೆಯ ಸಂಪುಟದಲ್ಲಿ ಅದಿಲ್ಲ, ಇರಲು ಸಾಧ್ಯವೂ ಇಲ್ಲ. ಸಂಪುಟದ ತೇದಿಯ ಆಚೆಗೆ ಏನಾಗಿದೆ ಎಂದು ಕೇಳುವ ಅಭ್ಯಾಸ ಇದ್ದವರಿಗೆ ಮಾತ್ರ ಇಂಥದ್ದು ತಪ್ಪಿಹೋಗುವುದಿಲ್ಲ.

ಟಿಪ್ಪಣಿ ಮಾಡಿಕೊಳ್ಳುವುದರಲ್ಲಿ ಹಳಬರ ಶಿಸ್ತು ಈಗಲೂ ಅನುಕರಿಸುವಂಥದ್ದು. ಒಂದು ಚೀಟಿ, ಒಂದು ಸಂಗತಿ. ಮೇಲೆ ಪುಸ್ತಕದ ಹೆಸರು, ಆವೃತ್ತಿ, ಪುಟ. ಮೂಲೆಯಲ್ಲಿ ಗ್ರಂಥಾಲಯದ ಹೆಸರು ಮತ್ತು ಕಾಲ್ ನಂಬರ್. ಮೂಲದ ಮಾತಾದರೆ ಉದ್ಧರಣ ಚಿಹ್ನೆ, ತನ್ನ ಮಾತಾದರೆ ಬೇರೆ ಶಾಯಿ. ಈಗ ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಡುವ ಕಡೆ ಈ ಶಿಸ್ತು ಸಡಿಲವಾಗಿದೆ. ಪುಟದ ಫೋಟೋ ಇರುತ್ತದೆ, ಯಾವ ಪುಸ್ತಕದ್ದೆಂದು ಗೊತ್ತಿರುವುದಿಲ್ಲ. ಮೊದಲು ಶೀರ್ಷಿಕೆ ಪುಟ, ಆಮೇಲೆ ಅದರ ಹಿಂಬದಿ, ಆಮೇಲೆ ಬೇಕಾದ ಪುಟ, ಈ ಕ್ರಮದಲ್ಲಿ ತೆಗೆದರೆ ಸಾಕು.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ, ಅದನ್ನು ಮುಗಿಸಿಕೊಂಡೇ ಬಸ್ ಹತ್ತಬೇಕು. ರೈಸ್ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಜಾಲದಲ್ಲಿವೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಹಳೆಯ ಕನ್ನಡ ಪುಸ್ತಕಗಳಿವೆ. ಅವನ್ನು ಕನ್ನಡ ಲಿಪಿಯಲ್ಲೇ ಹುಡುಕಲು ‘ಪುಸ್ತಕ ಸಂಚಯ’ ಇದೆ. ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ಟಿನ ‘ಶೋಧಗಂಗಾ’ ಇದೆ. ಪ್ರಬಂಧಗಳನ್ನು ಹಿಂದಿನಿಂದ ಓದುವುದು ಲೇಸು: ಮೊದಲು ಗ್ರಂಥಋಣ, ಆಮೇಲೆ ಅಡಿಟಿಪ್ಪಣಿ, ಸಮಯವಿದ್ದರೆ ಪ್ರಬಂಧ. ಕಟುವಾಯಿತೇನೋ, ಆದರೂ ಒಂದೇ ಅಚ್ಚಿನ ತಪ್ಪು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದ ಯಾರೂ ಇದಕ್ಕಿಂತ ಮೃದುವಾಗಿ ಹೇಳಲಾರರು. ಇನ್ನು ಸ್ಕ್ಯಾನ್ ಆಗದೆ ಉಳಿದದ್ದು, ಬಂದಿದ್ದರೂ ಮಡಚಿದ ನಕ್ಷೆ ಬಿಚ್ಚದೆಯೇ ಸ್ಕ್ಯಾನ್ ಆದದ್ದು, ಯಂತ್ರಕ್ಕೆ ಓದಲಾಗದ ಹಳೆಯ ಕನ್ನಡ ಅಚ್ಚಿನದು, ಇವಕ್ಕೆ ಗ್ರಂಥಾಲಯವೇ ಗತಿ.

ಗ್ರಂಥಪಾಲಕರನ್ನು ಬೀಗದ ಕೈ ಇಟ್ಟುಕೊಂಡವರೆಂದು ಭಾವಿಸುವ ಚಾಳಿ ನಮ್ಮಲ್ಲಿದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಲೋಕಕ್ಕೆ ಮತ್ತೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಏನಿದೆ ಎಂದು ಗುರುತಿಸಿ, 1909ರಲ್ಲಿ ಮೂಲ ಪಾಠ ಅಚ್ಚು ಹಾಕಿಸಿದರು. ಇವತ್ತಿನ ಅಟೆಂಡರ್ ಶಾಮಶಾಸ್ತ್ರಿಗಳಲ್ಲದೆ ಇರಬಹುದು. ಆದರೆ ಆವರಣದಲ್ಲಿ ಯಾವ ವಿಭಾಗಕ್ಕೆ ಯಾವ ಸಂಪುಟ ಎರವಲು ಹೋಗಿ ಕೂತಿದೆ, ಕಂಪ್ಯೂಟರ್ ‘ಲಭ್ಯ’ ಎಂದು ತೋರಿಸುವ ಪುಸ್ತಕ ನಿಜವಾಗಿ ಯಾವ ಬೀರುವಿನಲ್ಲಿದೆ ಎಂಬುದು ಅವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅವರ ಹೆಸರು ತಿಳಿದುಕೊಂಡು ಮಾತಾಡಿಸುವವರ ಕೆಲಸ ಬೇಗ ಆಗುತ್ತದೆ.

ಓದಿ ಮುಗಿದ ಪುಸ್ತಕವನ್ನು ಉಪಕಾರ ಮಾಡುವ ಉತ್ಸಾಹದಲ್ಲಿ ನೀವೇ ಕಪಾಟಿಗೆ ಸೇರಿಸಬೇಡಿ. ಎರಡು ಸಾಲು ಆಚೆ ಇಟ್ಟರೆ ಅದು ಕಳೆದ ಹಾಗೆಯೇ. ಮುಂದಿನ ಪರಿಶೀಲನೆಯವರೆಗೆ ಯಾರಿಗೂ ಸಿಗುವುದಿಲ್ಲ. ಮೇಜಿನ ಮೇಲೆ ಬಿಡಿ. ಅನೇಕ ಗ್ರಂಥಾಲಯಗಳಲ್ಲಿ ಸಂಜೆ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಆ ದಿನ ಬಳಕೆಯಾದವು ಎಂದು ಬರೆದುಕೊಳ್ಳುತ್ತಾರೆ. ಜಾಗ ಸಾಲದಾಗಿ ಯಾವ ಸಂಪುಟಗಳನ್ನು ಗೋದಾಮಿಗೆ ಸಾಗಿಸಬೇಕು ಎಂಬ ಮಾತು ಬಂದಾಗ ತೆಗೆದು ನೋಡುವುದು ಆ ಲೆಕ್ಕವನ್ನೇ.